ಒಳಗೆ ಸಿಕ್ಕಿಸಿದ ಸೆರಗು

ನನಗೂ ನನ್ನ ದೊಡ್ಡಪ್ಪನ ಮಗಳಿಗೂ ವಯಸ್ಸಿನಲ್ಲಿ ಕೆಲವೇ ತಿಂಗಳ ಅಂತರ. ಅವಳು ಸುಗ್ಗಿಯ ಹೊತ್ತಿಗೆ ಹುಟ್ಟಿದಳು, ನಾನು ಮಳೆ ಹಿಡಿದ ಮೇಲೆ ಹುಟ್ಟಿದೆ. ಅಷ್ಟು ತಡ ಮಾಡಿದ್ದಕ್ಕೆ ಜೀವಮಾನವಿಡೀ ಅವಳನ್ನು ಅಕ್ಕಾ ಎಂದು ಕರೆಯುವ ಶಿಕ್ಷೆ ನನ್ನ ಪಾಲಿಗೆ ಬಂತು. ಹೆಸರು ಹಿಡಿದು ಕೂಗಿದರೆ ನಮ್ಮ ಆಯಿ, ಅಂದರೆ ಅಪ್ಪನನ್ನೂ ದೊಡ್ಡಪ್ಪನನ್ನೂ ಹೆತ್ತ ಮುದುಕಿ, ಕೈಯಲ್ಲಿದ್ದುದನ್ನೇ ನನ್ನತ್ತ ಎಸೆಯುತ್ತಿದ್ದಳು. ಹೊಸ ಲಂಗ ಮೊದಲು ಅಕ್ಕನಿಗೆ, ಅದು ಗಿಡ್ಡಾದ ಮೇಲೆ ನನಗೆ. ಹೆಂಚಿನಿಂದ ಇಳಿದ ಮೊದಲ ಹೋಳಿಗೆ ಅಕ್ಕನಿಗೆ. ಜ್ವರ ಕೂಡ ಮೊದಲು ಅವಳಿಗೇ ಬರುತ್ತಿತ್ತು. ನನಗೆ ಬರುವ ಹೊತ್ತಿಗೆ ಮನೆಯವರಿಗೆ ಅದು ಹಳೆಯದಾಗಿ, ಗಂಜಿ ಕುಡಿಸುವ ಉಮೇದು ಮುಗಿದಿರುತ್ತಿತ್ತು.

ಎರಡೇ ವಿಷಯಗಳಲ್ಲಿ ನಾನು ಅವಳಿಗಿಂತ ಮುಂದಿದ್ದೆ. ಒಂದು ಸಾಲೆಯ ಓದು. ಇಳಕಲ್ಲಿನ ನಮ್ಮ ಕನ್ನಡ ಸಾಲೆಯಲ್ಲಿ ಪ್ರತಿ ವರ್ಷ ನಾನು ಮೊದಲನೆಯವಳು, ಅವಳು ನನ್ನ ಹಿಂದೆ. ಅದಕ್ಕೆ ಅವಳು ಒಂದು ದಿನವಾದರೂ ಮುಖ ಸಣ್ಣ ಮಾಡಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತೋ. ಅವಳು ಮನೆಗೆ ಓಡಿ ಬಂದು, "ತಂಗಿ ಮತ್ತ ಮೊದಲ ಬಂದಾಳ" ಎಂದು ತಾನೇ ಸಕ್ಕರೆ ಹಂಚುತ್ತಿದ್ದಳು. ಗೆದ್ದ ಖುಷಿಯನ್ನು ಕೂಡ ನೆಟ್ಟಗೆ ಅನುಭವಿಸಲು ಬಿಡದ ಹುಡುಗಿ.

ಇನ್ನೊಂದು ಕೊಂಡಿ ಹಾಕುವ ಕೆಲಸ. ನಮ್ಮದು ನೇಕಾರರ ಮನೆ. ಪಡಸಾಲೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ, ದೊಡ್ಡಪ್ಪ ಮಗ್ಗ ನಡೆಸುತ್ತಿದ್ದರು. ಇಳಕಲ್ ಸೀರೆಯಲ್ಲಿ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳ ಹಾಸು ಒಡಲಿಗೆ ಬೇರೆ, ಸೆರಗಿಗೆ ಬೇರೆ. ನೇಯುವ ಮೊದಲು ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳೊಂದಿಗೆ ಒಂದಕ್ಕೊಂದು ಸಿಕ್ಕಿಸಿ ಕೂಡಿಸಬೇಕು. ಅದೇ ಕೊಂಡಿ. ಹೆಂಗಸರ ಕೆಲಸ, ಕಣ್ಣು ಬೇಡುವ ಕೆಲಸ. ಅವ್ವನಿಂದ ಕಲಿತು ನಾನು ಸಾಲೆ ಬಿಟ್ಟ ಮೇಲೆ ಸಂಜೆವರೆಗೆ ಅದನ್ನೇ ಮಾಡುತ್ತಿದ್ದೆ. ಅಕ್ಕನ ಅಂಗೈ ಬೆವರುತ್ತಿತ್ತು, ರೇಷ್ಮೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಅವಳನ್ನು ಹಾಸಿನ ಹತ್ತಿರ ಬಿಡುತ್ತಿರಲಿಲ್ಲ. ಅವಳು ಎದುರಿಗೆ ಕೂತು ನನ್ನ ಬೆರಳು ನೋಡುತ್ತ ಪಾಠ ಓದುತ್ತಿದ್ದಳು. ನನ್ನ ಬೆರಳ ತುದಿಗೆ ಯಾವಾಗಲೂ ಕೆಂಪು ಬಣ್ಣ.

ಏಳನೆಯ ಇಯತ್ತೆ ಮುಗಿಯುವಾಗ ನಮ್ಮ ಮಾಸ್ತರರು ಮನೆಗೆ ಬಂದು, ಈ ಇಬ್ಬರನ್ನೂ ಬಾಗಲಕೋಟೆಯ ಸರಕಾರಿ ಹೈಸ್ಕೂಲಿನ ಪರೀಕ್ಷೆಗೆ ಕೂಡಿಸಿರಿ ಎಂದರು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಆಗ ನಮ್ಮ ಪಾಲಿಗೆ ಬಾಗಲಕೋಟೆಗಿಂತ ದೊಡ್ಡ ಪಟ್ಟಣ ಇರಲಿಲ್ಲ, ಆ ಹೈಸ್ಕೂಲಿಗಿಂತ ದೊಡ್ಡ ಸಾಲೆ ಇರಲಿಲ್ಲ. ಮುಂಬಯಿ ಸರಕಾರದ ಕಾಲದಲ್ಲಿ ಕಟ್ಟಿದ್ದು. ದುಡ್ಡಿದ್ದವರಿಗೂ ಸೀಟು ಸಿಗುತ್ತಿರಲಿಲ್ಲ. ಬರೆದು, ಬಾಯಿಂದ ಹೇಳಿ, ಆರಿಸಿಕೊಂಡ ಮಕ್ಕಳಿಗೆ ಮಾತ್ರ. ಅಲ್ಲಿ ಕಲಿತವರು ಡಾಕ್ಟರು, ವಕೀಲರು, ಮಾಮಲೇದಾರರು ಆಗುತ್ತಾರೆ ಎಂದು ಮಾಸ್ತರರು ಹೇಳುವಾಗ ದೊಡ್ಡಪ್ಪ ಲಾಳಿ ನಿಲ್ಲಿಸಿದ್ದರು. ನಾನು ಅಂದೇ ಮನಸ್ಸಿನಲ್ಲಿ ಆ ಸಾಲೆಗೆ ಸೇರಿಬಿಟ್ಟೆ. ಅಕ್ಕನೂ ಸೇರಬಹುದು ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಪರೀಕ್ಷೆಯ ದಿನ ಆಯಿ ಇಬ್ಬರ ಹಣೆಗೂ ವಿಭೂತಿ ಹಚ್ಚಿದಳು. ಬಸ್ ನಿಲ್ದಾಣದಲ್ಲಿ ದೊಡ್ಡಪ್ಪ ಕಿಟಕಿಯಿಂದ ಟವೆಲ್ ಒಳಗೆಸೆದು ಸೀಟು ಹಿಡಿದರು. ಕಿಟಕಿ ಪಕ್ಕದ್ದು, ಹೇಳಬೇಕಾಗಿಯೇ ಇಲ್ಲ, ಅಕ್ಕನಿಗೆ. ಹುನಗುಂದದಲ್ಲಿ ಬಸ್ಸು ನಿಂತಾಗ ಅವಳು, "ನೀ ಇತ್ತಾಗ ಕುಂದರತಿಯೇನ" ಎಂದು ಕೇಳಿದಳು. ಬೇಡ ಎಂದೆ. ಕೊಟ್ಟದ್ದನ್ನು ತೆಗೆದುಕೊಳ್ಳುವ ಮನಸ್ಸಿರಲಿಲ್ಲ, ಅದು ನನಗೇ ಬರಬೇಕಾಗಿತ್ತು.

ಸಾಲೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಕರಿಕಲ್ಲಿನ ಗೋಡೆ, ಕಮಾನಿನ ವರಾಂಡ, ಮೇಲೆ ಮಂಗಳೂರು ಹೆಂಚು, ಅಂಗಳದಲ್ಲಿ ಬೇವಿನ ಮರಗಳು. ಗಂಟೆಯ ಬದಲು ರೈಲು ಹಳಿಯ ತುಂಡೊಂದು ತೂಗುತ್ತಿತ್ತು. ಬಾಗಿಲ ಎದುರಿಗೇ ಒಂದು ಕರಿ ಹಲಗೆ, ಅದರ ಮೇಲೆ ಪ್ರತಿ ವರ್ಷ ಮೊದಲು ಬಂದವರ ಹೆಸರು ಬಂಗಾರದ ಬಣ್ಣದಲ್ಲಿ. ಕೆಳಗೆ ಇನ್ನೂ ಜಾಗ ಉಳಿದಿತ್ತು. ಆ ಖಾಲಿ ಜಾಗವನ್ನು ನೋಡುತ್ತ ನಿಂತವಳನ್ನು ದೊಡ್ಡಪ್ಪ ಕೈಹಿಡಿದು ಎಳೆದುಕೊಂಡು ಹೋದರು.

ಬರೆಯುವ ಪರೀಕ್ಷೆ ನನಗೆ ಬೆಣ್ಣೆ ತಿಂದಷ್ಟು ಸಲೀಸಾಯಿತು. ಮಧ್ಯಾಹ್ನ ಒಬ್ಬೊಬ್ಬರನ್ನೇ ಹೆಡ್‌ಮಾಸ್ತರರ ಕೋಣೆಗೆ ಕರೆದರು. ಹೊರಗಿನ ಬಾಕಿನ ಮೇಲೆ ನಮ್ಮ ಜೊತೆ ಬೂಟು ಹಾಕಿಕೊಂಡ ಹುಡುಗಿಯೊಬ್ಬಳಿದ್ದಳು, ಯಾವುದೋ ಡಾಕ್ಟರರ ಮಗಳು. ಒಳಗೆ ಹೋಗಿ ಬಂದವಳು ತನ್ನ ತಾಯಿಗೆ, "ಮನೆಯಲ್ಲಿ ಏನು ಕೆಲಸ ಮಾಡ್ತೀ ಅಂತ ಕೇಳಿದರು, ಏನೂ ಇಲ್ಲ, ಬರೇ ಓದ್ತೀನಿ ಅಂದೆ" ಎಂದು ಹೇಳುವುದು ಕೇಳಿಸಿತು. ಆ ತಾಯಿ ಮಗಳ ತಲೆ ನೇವರಿಸಿದಳು. ದೊಡ್ಡ ಮನೆಯವರ ಉತ್ತರ ಹೀಗಿರುತ್ತದೆ ಎಂದು ನಾನು ನೆನಪಿಟ್ಟುಕೊಂಡೆ. ಆಮೇಲೆ ಅಕ್ಕ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವಳ ಮುಖ ಅರಳಿತ್ತು, ನನ್ನ ಹತ್ತಿರ ಏನೋ ಹೇಳಲು ಬಾಗಿದಳು. ಅಷ್ಟರಲ್ಲಿ ಜವಾನ ನನ್ನನ್ನು ಕರೆದ.

ಹೆಡ್‌ಮಾಸ್ತರರು ಕರಿ ಟೊಪ್ಪಿಗೆ ಹಾಕಿಕೊಂಡ ತೆಳ್ಳಗಿನ ಮನುಷ್ಯ. ನದಿಗಳ ಹೆಸರು ಕೇಳಿದರು, ಹೇಳಿದೆ. ಬಡ್ಡಿಯ ಲೆಕ್ಕ ಕೇಳಿದರು, ಬಾಯಲ್ಲೇ ಬಿಡಿಸಿದೆ. ಆಮೇಲೆ ಕುರ್ಚಿಗೆ ಒರಗಿ, ನಗುತ್ತ, ಕಥೆ ಕೇಳಲು ಕೂತವರ ಹಾಗೆ ಕೇಳಿದರು:

"ಹೂಂ, ಈಗ ಹೇಳವಾ. ಮನ್ಯಾಗ ಏನ ಕೆಲಸಾ ಮಾಡ್ತಿ?"

"ಏನಿಲ್ರಿ ಸರ. ಬರೇ ಓದತೇನ್ರಿ" ಎಂದೆ. ಬೆರಳಿನ ಕೆಂಪು ಕಾಣಬಾರದೆಂದು ಕೈ ಹಿಂದೆ ಕಟ್ಟಿಕೊಂಡಿದ್ದೆ.

ಅವರ ನಗು ನಿಂತಿತು. "ಏನೂ ಮಾಡೂದಿಲ್ಲ? ಖರೇನ?"

"ಖರೇನ್ರಿ ಸರ."

ಅವರು ಎದುರಿನ ಕಾಗದದ ಮೇಲೆ ಏನೋ ಬರೆದುಕೊಂಡರು. ಹೋಗು ಎಂದರು.

ತಿರುಗಿ ಬರುವಾಗ ಅಮೀನಗಡದಲ್ಲಿ ದೊಡ್ಡಪ್ಪ ಕರದಂಟು ಕೊಡಿಸಿ, ಒಳಗೆ ಏನೇನು ಕೇಳಿದರು ಎಂದು ವಿಚಾರಿಸಿದರು. ಅಕ್ಕ ಬಾಯಲ್ಲಿ ಅಂಟು ಜಗಿಯುತ್ತಲೇ, "ನಾ ಕೊಂಡಿ ಹಾಕೂದು ಹೇಳಿದೆ. ಅವರಿಗೆ ಭಾಳ ಸೇರಿತು" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಎಳೆ ಕೂಡಿಸಲು ಬಾರದವಳು ನನ್ನ ಬೆರಳಿನ ಕೆಲಸವನ್ನು ತನ್ನದೆಂದು ಹೇಳಿ ಬಂದಿದ್ದಾಳೆ. ಎದುರಿಗೆ ಕೂತು ನೋಡುತ್ತಿದ್ದುದು ಇದಕ್ಕೇ. ನಾನು ಮುಖ ಆಚೆ ತಿರುಗಿಸಿದೆ. ಅವಳು ಮತ್ತೇನೋ ಹೇಳಲು ಬಂದಾಗ ನಿದ್ದೆ ಬಂದಂತೆ ಕಣ್ಣು ಮುಚ್ಚಿದೆ. ಹಲ್ಲಿಗೆ ಅಂಟಿದ ಕರದಂಟು ಹುನಗುಂದ ದಾಟಿದರೂ ಬಿಡಲಿಲ್ಲ.

ಕೆಲವು ವಾರಗಳ ಮೇಲೆ ರೇಷ್ಮೆ ತರಲು ಬಾಗಲಕೋಟೆಗೆ ಹೋದ ದೊಡ್ಡಪ್ಪ ಸುದ್ದಿ ತಂದರು. ಅಕ್ಕನಿಗೆ ಸೀಟು ಸಿಕ್ಕಿದೆ. ನನಗೆ ಸಿಕ್ಕಿಲ್ಲ, ಆದರೆ ಯಾರಾದರೂ ಬಿಟ್ಟರೆ ಮುಂದಿನ ಹೆಸರು ನನ್ನದೇ. "ಬರದದ್ದರಾಗ ನೀನ ಎಲ್ಲಾರಕಿಂತ ಮುಂದ ಇದ್ದಿ ಅಂತ. ಬಾಯಿ ಪರೀಕ್ಷಾದಾಗ ಹೋತಂತ ನೋಡು" ಎಂದು ದೊಡ್ಡಪ್ಪ ನನಗೆ ಸಮಾಧಾನ ಹೇಳಿದರು. ಅದು ಸಮಾಧಾನವೋ, ಗಾಯದ ಮೇಲೆ ಖಾರದ ಪುಡಿಯೋ. ಅಂದು ನಾನು ತುಳಸಿಗೇರಿ ಹನುಮಪ್ಪನಿಗೆ ಬೇಡಿಕೊಂಡೆ: ಯಾರಾದರೂ ಒಬ್ಬರು ಸಾಲೆ ಬಿಡಲಿ, ಕಾಯಿ ಒಡೆಸುತ್ತೇನೆ. ಯಾರಾದರೂ ಎಂದು ಬಾಯಲ್ಲಿ ಹೇಳಿದೆನೇ ಹೊರತು ಯಾರು ಎನ್ನುವುದು ದೇವರಿಗೂ ನನಗೂ ಗೊತ್ತಿತ್ತು.

ಆ ಹೈಸ್ಕೂಲಿನಲ್ಲಿ ಹುಡುಗಿಯರು ಎಂಟನೆಯ ಇಯತ್ತೆಯಿಂದಲೇ ಸೀರೆ ಉಡಬೇಕಿತ್ತು. ಬಿಳಿ ಸೀರೆ, ನೀಲಿ ಅಂಚು. ಪಟ್ಟಣದ ಅಂಗಡಿಗಳಲ್ಲಿ ಅಂಥವು ಬೇಕಾದಷ್ಟು ಸಿಗುತ್ತಿದ್ದವು. ಆಯಿ ಒಪ್ಪಲಿಲ್ಲ. "ನೇಕಾರರ ಮನಿ ಹುಡುಗಿ ಅಂಗಡಿ ಸೀರಿ ಉಟಗೊಂಡ ಹೋಗೂದ? ಮಂದಿ ಏನ ಅಂದಾರು?" ದೊಡ್ಡಪ್ಪ ತಾವೇ ಮಗ್ಗಕ್ಕೆ ಕೂತರು. ಮತ್ತು ಕೊಂಡಿ ಹಾಕುವವರು ಯಾರು? ನಾನೇ. ನನಗೆ ಸಿಗದ ಸಾಲೆಗೆ, ನನ್ನ ಸೀಟು ಕಿತ್ತುಕೊಂಡವಳು ಉಡುವ ಸೀರೆಗೆ, ನನ್ನ ಬೆರಳಿಂದಲೇ ಎಳೆ ಎಳೆಯಾಗಿ ಕೊಂಡಿ. ಒಂದೊಂದು ಎಳೆಗೂ ಒಂದೊಂದು ಬೈಗುಳ ಬೈದೆ. ಅಕ್ಕ ಅಭ್ಯಾಸದಂತೆ ಎದುರಿಗೆ ಕೂತು, ಈ ಸಲ ಪುಸ್ತಕವಿಲ್ಲದೆ, ಸುಮ್ಮನೆ ನೋಡುತ್ತಿದ್ದಳು.

ಸೆರಗು ಹೇಗಿರಬೇಕು ಎಂದು ಯಾರೂ ಕೇಳಲಿಲ್ಲ, ಕೇಳಬೇಕು ಎಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಸೆರಗು ಎಂದರೆ ಕೆಂಪು. ಅದರ ಮೇಲೆ ಗೋಪುರ ಗೋಪುರದಂತೆ ಏರುವ ಬಿಳಿ ತೆನೆ. ಒಡಲು ಯಾವ ಬಣ್ಣವಾದರೂ ಇರಲಿ, ನಮ್ಮ ಮಗ್ಗದಿಂದ ಇಳಿದ ಸೀರೆಗೆ ಬೇರೆ ಸೆರಗು ಇದ್ದದ್ದನ್ನು ನಾನು ಕಂಡಿಲ್ಲ. ಮೇಲಾಗಿ ಗಂಡ ಸತ್ತ ಆಯಿ ತಾನು ಬರೀ ಬಿಳಿ ಉಡುತ್ತಿದ್ದಳು. ಮದುವೆಯಾಗದ ಮೊಮ್ಮಗಳ ಮೈಮೇಲೆ ಕೆಂಪಿಲ್ಲದ ಬಿಳಿ ಸೀರೆಯನ್ನು ಆಕೆ ನೆನೆಯಲೂ ಸಾಧ್ಯವಿರಲಿಲ್ಲ. ಹೀಗೆ ಬಿಳಿ ಒಡಲು, ನೀಲಿ ಅಂಚು, ಬೆಂಕಿಯಂಥ ಕೆಂಪು ಸೆರಗಿನ ಸೀರೆ ಸಿದ್ಧವಾಯಿತು. ಓಣಿಯ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿ ಹೊಗಳಿದರು. ಅಕ್ಕ ಅದನ್ನು ಟ್ರಂಕಿನಲ್ಲಿಟ್ಟುಕೊಂಡು ಬಾಗಲಕೋಟೆಯಲ್ಲಿದ್ದ ತನ್ನ ಸೋದರಮಾವನ ಮನೆಗೆ ಹೋದಳು. ಅಲ್ಲಿಂದಲೇ ಸಾಲೆ.

ಆ ವಾರದ ಕೊನೆಗೆ, ಶನಿವಾರ, ಸೋದರಮಾವನೇ ಅವಳನ್ನು ಕರೆದುಕೊಂಡು ಬಂದ. ಕಣ್ಣು ಬಾತಿದ್ದವು. ನಡೆದದ್ದನ್ನು ಅವನೇ ಹೇಳಿದ. ಬೆಳಗಿನ ಪ್ರಾರ್ಥನೆಗೆ ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದಾರೆ, ಎಲ್ಲರ ಬೆನ್ನೂ ಬಿಳಿ, ಇವಳ ಬೆನ್ನ ಮೇಲೆ ಕೆಂಪು ಸೆರಗು. ಹಿಂದಿನಿಂದ ಯಾರೋ, "ಮದುಮಗಳು ಬಂದಾಳಲೇ" ಎಂದರಂತೆ. ಸಾಲಿಗೆ ಸಾಲೇ ನಕ್ಕಿತಂತೆ. ಹುಡುಗಿಯರ ಉಸ್ತುವಾರಿ ನೋಡುವ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ಇವಳನ್ನು ಸಾಲಿನಿಂದ ಹೊರಗೆ ಕರೆದು, ಸೋಮವಾರದ ಪ್ರಾರ್ಥನೆಗೆ ಸರಿಯಾದ ಸೀರೆ ಉಟ್ಟು ಬಾ, ಇಲ್ಲವಾದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಹೇಳಿ ಕಳಿಸಿದ್ದರು. ಅಕ್ಕ ಗೋಡೆಗೆ ಮುಖ ಮಾಡಿ ಕೂತು, "ನಾ ಇನ್ನ ಹೋಗೂದುಲ್ಲ" ಎಂದಳು.

ಮುಂದಿನವರು ಎಂದರೆ ನಾನು. ಅವಳು ಅಳುತ್ತಿದ್ದಾಳೆ, ನನ್ನ ಎದೆಯೊಳಗೆ ಡೊಳ್ಳು ಬಡಿಯುತ್ತಿದೆ. ಹನುಮಪ್ಪ ಇಷ್ಟು ಬೇಗ ಕೇಳಿಸಿಕೊಂಡನಲ್ಲ ಎಂದು ಹಿತ್ತಿಲಿಗೆ ಹೋಗಿ ಒಬ್ಬಳೇ ನಕ್ಕೆ.

ಮನೆಯಲ್ಲಿ ಜಗಳ ಶುರುವಾಯಿತು. ಸೋದರಮಾವ ಅಂಗಡಿ ಸೀರೆ ಕೊಡಿಸುತ್ತೇನೆ ಎಂದ. "ಅಂಗಡಿದೂ ಬ್ಯಾಡ, ಬರೇ ಬಿಳಿದೂ ಬ್ಯಾಡ. ನಾ ಉಟ್ಟೇನಲ್ಲ, ಸಾಕು" ಎಂದಳು ಆಯಿ. ಸೆರಗನ್ನು ಕತ್ತರಿಸಿ ತೆಗೆದರಾಯಿತಲ್ಲ ಎಂದು ಅವನು ಬಾಯಿ ತಪ್ಪಿ ಅಂದುಬಿಟ್ಟ. ಅಪ್ಪ, ದೊಡ್ಡಪ್ಪ ಇಬ್ಬರೂ ಒಟ್ಟಿಗೆ ತಲೆ ಎತ್ತಿ ನೋಡಿದರು. ಮಗ್ಗದಿಂದ ಇಳಿದ ಸೀರೆಗೆ ಕತ್ತರಿ ಇಡುವ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಅವನು ಚಹಾ ಕುಡಿಯದೇ ಎದ್ದು ಹೋದ. ನಾನು ಸಂದಿಯಲ್ಲಿ ತಲೆ ತೂರಿಸಿ, "ನನಗ ಅಂಗಡಿ ಸೀರಿ ನಡೀತೈತಿ" ಎಂದೆ.

"ನಿನ್ನ ಯಾರ ಕೇಳ್ಯಾರ?" ಎಂದಳು ಆಯಿ.

ಆಗ ನನಗೆ ಅರ್ಥವಾಯಿತು. ಅಕ್ಕ ಬಿಟ್ಟ ಸೀಟು ನನಗೆ ಬಂದರೂ ಅದೇ ಪ್ರಾರ್ಥನೆ, ಅದೇ ಅಕ್ಕೋರು, ಅದೇ ಸೀರೆ. ಆಯಿ ನನ್ನನ್ನೂ ಕೆಂಪು ಸೆರಗಿಲ್ಲದೆ ಹೊಸ್ತಿಲು ದಾಟಲು ಬಿಡುವುದಿಲ್ಲ. ನಾನು ಹೋಗಬೇಕಾದರೆ ಸೆರಗಿನ ತಂಟೆಯನ್ನು ನಾನೇ ಬಿಡಿಸಬೇಕು. ರವಿವಾರ ಮಧ್ಯಾಹ್ನದವರೆಗೂ ಅದನ್ನೇ ತಲೆಯಲ್ಲಿ ತಿರುವಿದೆ. ಊಟಕ್ಕೆ ಕೂತಾಗ ಜೋಳದ ರೊಟ್ಟಿಯನ್ನು ಮಡಚಿ, ಪಲ್ಯ ಒಳಗೆ ಸೇರಿಸಿ, ಹೊರಗೆ ಬರೀ ಬಿಳಿ ರೊಟ್ಟಿ ಕಾಣುವುದನ್ನು ನೋಡಿದಾಗ ಹೊಳೆಯಿತು.

ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಅಕ್ಕನ ಟ್ರಂಕಿನಿಂದ ಸೀರೆ ತೆಗೆದು ಒಳಕೋಣೆಗೆ ಒಯ್ದೆ. ಸೀರೆ ಉಡುವವರು ಖಾಲಿ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗನ್ನು ಹೆಗಲ ಮೇಲೆ ಹಾಕುತ್ತಾರೆ. ನಾನು ತಿರುವುಮುರುವು ಮಾಡಿದೆ. ಕೆಂಪು ಸೆರಗನ್ನು ಮೊದಲು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ಅದರ ಮೇಲೆ ಒಡಲು ಸುತ್ತಿ, ನಿರಿಗೆ ಹಿಡಿದು, ಖಾಲಿ ಬಿಳಿ ತುದಿಯನ್ನು ಹೆಗಲ ಮೇಲೆ ತಂದೆ. ಸೆರಗನ್ನು ಮುಚ್ಚಿಡುವುದು ಎಂದರೆ ನಮ್ಮವರ ಪಾಲಿಗೆ ಮುಖಕ್ಕೆ ಗೋಣಿ ಚೀಲ ಹಾಕಿದ ಹಾಗೆ. ಸೀರೆಯಲ್ಲಿ ಮಂದಿ ನೋಡುವುದೇ ಅದನ್ನು. ಅದಕ್ಕೇ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗೋಡೆಯ ಸಣ್ಣ ಕನ್ನಡಿಯಲ್ಲಿ ನೋಡಿಕೊಂಡೆ. ಬಿಳಿ ಸೀರೆ, ನೀಲಿ ಅಂಚು, ಬಾಗಲಕೋಟೆ ಹೈಸ್ಕೂಲಿನ ಹುಡುಗಿ. ಕೈಮುಗಿದು ಪ್ರಾರ್ಥನೆಗೆ ನಿಂತಂತೆ ನಿಂತೆ. ಅಷ್ಟು ಚೆಂದ ನಾನು ಯಾವತ್ತೂ ಕಂಡಿರಲಿಲ್ಲ.

ಹಿಂದೆ ಆಯಿ ನಿಂತಿದ್ದಳು.

"ಸೆರಗ ಎಲ್ಲೆ?" ಎಂದಳು.

"ಒಳಗೈತಿ ಆಯಿ."

ಹತ್ತಿರ ಬಂದು ನನ್ನ ಸೊಂಟ ಮುಟ್ಟಿದಳು, ಬೆರಳು ತೂರಿಸಿ ಒಂದಿಷ್ಟು ಕೆಂಪು ಹೊರಗೆಳೆದು ನೋಡಿದಳು.

"ಕೆಂಪು ಮೈಗೆ ಹತ್ತೇತಿ?"

"ಹತ್ತೇತಿ."

"ಹೊರಗಿನವರಿಗೆ ಕಾಣೂದುಲ್ಲ?"

"ಕಾಣೂದುಲ್ಲ."

ಆಯಿ ಹೊರಗೆಳೆದ ಕೆಂಪನ್ನು ಮತ್ತೆ ಒಳಗೆ ತೂರಿಸಿದಳು. ಈಗ ನೀನೇ ಹೋಗು ಎನ್ನುತ್ತಾಳೆ ಎಂದು ನಾನು ನಿಜವಾಗಿ ನಂಬಿದ್ದೆ. ಇಷ್ಟು ಬುದ್ಧಿ ತೋರಿಸಿದ ಮೇಲೆ ಬೇರೆ ಯಾರನ್ನು ಕಳಿಸುತ್ತಾರೆ? ಆಯಿ ಬಾಗಿಲ ಕಡೆ ತಿರುಗಿ, "ಏ ದೊಡ್ಡಾಕಿ, ಇಲ್ಲಿ ಬಾ. ನಿನ್ನ ಸೀರಿಗೆ ಹಾದಿ ಸಿಕ್ಕೇತಿ" ಎಂದು ಕೂಗಿದಳು. ಆಮೇಲೆ ನನಗೆ ಹೇಳಿದಳು:

"ಬಿಚ್ಚು. ಅಕ್ಕಗ ಉಡಸು."

ಉಡಿಸಿದೆ. ಹೇಗೆಂದು ಗೊತ್ತಿದ್ದವಳು ನಾನೊಬ್ಬಳೇ. ಸೋಮವಾರ ನಸುಕಿನ ಬಸ್ಸಿಗೆ ಹೊರಡುವಾಗಲೂ ನಾನೇ ಉಡಿಸಿದೆ. ಸಡಿಲ ಸಿಕ್ಕಿಸಿದ್ದರೆ ಪ್ರಾರ್ಥನೆಯ ನಡುವೆಯೇ ಕೆಂಪು ಜಾರಿ ಬೀಳುತ್ತಿತ್ತು. ಆದರೆ ಸಡಿಲ ಕೆಲಸ ಮಾಡಲು ನನ್ನ ಕೈಗೆ ಬರುವುದೇ ಇಲ್ಲ, ಅದು ನನ್ನ ಕೈಯ ದರಿದ್ರ. ಅಕ್ಕ ಕನ್ನಡಿ ನೋಡಿ, ಕಣ್ಣೊರೆಸಿಕೊಂಡು, "ಭಾಳ ಛಲೋ ಕಾಣತೈತಿ ತಂಗಿ" ಎಂದಳು. ಅವಳಿಗೆ ಅದು ನನಗಿಂತ ಚೆನ್ನಾಗಿ ಒಪ್ಪುತ್ತಿತ್ತು. ಅದನ್ನೂ ನೋಡಬೇಕಾಯಿತು.

ಸೋಮವಾರ ಅವಳನ್ನು ಸಾಲಿನಲ್ಲಿ ನಿಲ್ಲಿಸಿಕೊಂಡರು. ತುಳಸಿಗೇರಿಯ ಕಾಯಿ ಬಾಕಿ ಉಳಿಯಿತು, ನಾನು ಒಡೆಸಲಿಲ್ಲ. ಅರ್ಧ ಕೆಲಸಕ್ಕೆ ಕಾಯಿ ಯಾಕೆ?

ನಾನು ಇಳಕಲ್ಲಿನಲ್ಲೇ ಹೈಸ್ಕೂಲು ಓದಿದೆ. ಅದೂ ಒಳ್ಳೆಯ ಸಾಲೆಯೇ ಇದ್ದೀತು, ನಾನು ಅದನ್ನು ನೆಟ್ಟಗೆ ನೋಡಲಿಲ್ಲ. ರಜೆಗೆ ಬಂದಾಗಲೆಲ್ಲ ಅಕ್ಕ ಅಲ್ಲಿಯ ಲೈಬ್ರರಿ, ವಿಜ್ಞಾನದ ಕೋಣೆ, ಗಾಜಿನ ನಳಿಗೆಗಳ ಮಾತು ಹೇಳುತ್ತಿದ್ದಳು. ನಾನು ಹಾಸಿನ ಮೇಲೆ ತಲೆ ಬಗ್ಗಿಸಿ ಎಲ್ಲವನ್ನೂ ಕೇಳುತ್ತ ಏನೂ ಕೇಳಿಸದವಳಂತೆ ಇರುತ್ತಿದ್ದೆ. ಒಮ್ಮೆ ಸಾಲೆಯಿಂದ ಬಾದಾಮಿಗೆ ಕರೆದೊಯ್ದಿದ್ದರು. ಗುಡ್ಡ ಹತ್ತಿ ಗುಹೆ ನೋಡಿ, ಹೊಂಡದ ದಂಡೆಯಲ್ಲಿ ಕೂತು ಬುತ್ತಿ ಉಂಡದ್ದನ್ನು ಹೇಳಿ, ನನಗಾಗಿ ಅಲ್ಲಿಯ ಕೆಂಪು ಕಲ್ಲಿನ ಚೂರೊಂದನ್ನು ತಂದುಕೊಟ್ಟಳು. ಬೀದಿಗೆ ಎಸೆಯೋಣ ಎಂದುಕೊಂಡೆ, ಎಸೆಯಲಾಗಲಿಲ್ಲ. ನೂಲಿನ ಚೀಟಿಗಳು ಹಾರದಂತೆ ಭಾರಕ್ಕೆ ಇಟ್ಟೆ. ದಿನವೂ ಕಣ್ಣೆದುರಿಗೇ ಇರುತ್ತಿತ್ತು.

ಅದಕ್ಕಿಂತ ನನ್ನನ್ನು ಸುಟ್ಟದ್ದು ಇನ್ನೊಂದು. ಅಕ್ಕನ ಹಿಂದೆ ನಮ್ಮ ಓಣಿಯ ಮತ್ತೂ ಕೆಲವು ಹುಡುಗಿಯರು ಪರೀಕ್ಷೆ ಬರೆದು ಆ ಸಾಲೆ ಸೇರಿದರು. ಅವರೆಲ್ಲರೂ ಕೆಂಪು ಸೆರಗನ್ನು ಒಳಗೆ ಸಿಕ್ಕಿಸಿ ಬಿಳಿ ತುದಿಯನ್ನು ಹೆಗಲಿಗೆ ಹಾಕಿಕೊಂಡು ಹೋದರು. ಓಣಿಯಲ್ಲಿ ಆ ಉಡುಗೆಗೆ ಒಂದು ಹೆಸರೂ ಬಿತ್ತು, ನಮ್ಮ ಅಕ್ಕನ ಹೆಸರು. ಅವರ ತಾಯಂದಿರು ಮಕ್ಕಳಿಗೆ ಅದನ್ನು ಕಲಿಸಲು ನನ್ನ ಹತ್ತಿರವೇ ಕಳಿಸುತ್ತಿದ್ದರು: "ನಿಮ್ಮ ಅಕ್ಕನ ಗತೆ ಉಡಸವಾ." ನಾನು ಹುಡುಗಿಯರ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸುತ್ತಿದ್ದೆ, ಉಸಿರು ಹಿಡಿಯುವಷ್ಟು ಬಿಗಿಯಾಗಿ.

ಎಸೆಸೆಲ್ಸಿಯಲ್ಲಿ ಅಕ್ಕ ಸಾಲೆಗೇ ಮೊದಲು ಬಂದಳು. ಮುಂದೆ ಕಾಲೇಜು, ಬಿ.ಎಡ್., ಬಾದಾಮಿಯಲ್ಲಿ ಮೊದಲ ನೌಕರಿ. ಎಂಬತ್ತರ ದಶಕ ಶುರುವಾದ ಸ್ವಲ್ಪ ಕಾಲದ ಮೇಲೆ ಅದೇ ಹೈಸ್ಕೂಲಿಗೆ ಅಕ್ಕೋರಾಗಿ ಬಂದು ವಿದ್ಯಾಗಿರಿಯಲ್ಲಿ ಮನೆ ಹಿಡಿದಳು. ಅಷ್ಟರಲ್ಲಿ ನಾನು ಮದುವೆಯಾಗಿ ಹುನಗುಂದದಲ್ಲಿ ಇದ್ದೆ. ಗಂಡ ಕೋರ್ಟಿನಲ್ಲಿ ಗುಮಾಸ್ತ, ಒಳ್ಳೆಯವರು. ಆ ಬೇಸಿಗೆ ರಜೆಯಲ್ಲಿ ಅಕ್ಕ ಕರೆದಳೆಂದು ಒಂದು ದಿನದ ಮಟ್ಟಿಗೆ ಬಾಗಲಕೋಟೆಗೆ ಹೋದೆ. ಊಟವಾದ ಮೇಲೆ, "ನಡಿ, ಸಾಲಿ ನೋಡಿ ಬರೋಣು" ಎಂದಳು.

ಟಾಂಗಾದಲ್ಲಿ ಹೋದೆವು. ರಜೆ, ಸಾಲೆ ಖಾಲಿ. ಜವಾನನಿಂದ ಬೀಗದ ಕೈ ತೆಗೆದುಕೊಂಡು ಅವಳೇ ಬಾಗಿಲು ತೆಗೆದಳು. ಎದುರಿಗೆ ಅದೇ ಕರಿ ಹಲಗೆ. ನಾನು ನೋಡುತ್ತ ನಿಂತಿದ್ದ ಖಾಲಿ ಜಾಗದಲ್ಲಿ ಅವಳ ಹೆಸರು, ಬಂಗಾರದ ಬಣ್ಣ ಇನ್ನೂ ಮಾಸಿರಲಿಲ್ಲ. ಅವಳು ಅದರತ್ತ ನೋಡದೆ ಮುಂದೆ ನಡೆದಳು. ನಾನು ಪೂರಾ ಓದಿ, ಮತ್ತೊಮ್ಮೆ ಓದಿ, ಅವಳ ಹಿಂದೆ ಹೋದೆ. ಹೆಡ್‌ಮಾಸ್ತರರ ಕೋಣೆಯ ಬಾಗಿಲು ತೆಗೆದಾಗ ಅದೇ ಮೇಜು, ಅದೇ ಕುರ್ಚಿ ಕಂಡವು. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಅಲ್ಲಿ ಬಂತು.

"ಇಲ್ಲೇ ಅಲ್ಲ, ನನ್ನ ಕೊಂಡಿ ನಿಂದ ಅಂತ ಹೇಳಿ ನೀ ಸೀಟು ತಗೊಂಡದ್ದು?"

ಅವಳು ತಿರುಗಿ ನಿಂತಳು. "ನಂದು ಅಂತ ನಾ ಯಾವಾಗ ಹೇಳಿದೆ?"

"ಬಸ್ಸಿನ್ಯಾಗ ನೀನ ಅಂದಿ. ಕೊಂಡಿ ಹಾಕೂದು ಹೇಳಿದೆ ಅಂತ."

"ಹೇಳಿದೆ. ಏನ ಹೇಳಿದೆ ಕೇಳಿದಿಯೇನ ನೀ? ಮನ್ಯಾಗ ಏನ ಮಾಡ್ತಿ ಅಂದ್ರು. ನನಗ ಕೈ ಬೆವರತಾವ್ರಿ ಸರ, ನನ್ನ ಹಾಸಿನ ಹತ್ತರ ಬಿಡೂದುಲ್ಲ, ನಮ್ಮ ತಂಗಿ ಕೊಂಡಿ ಹಾಕತಾಳ್ರಿ, ನಾ ನೋಡಕೋತ ಓದತೇನಿ ಅಂದೆ. ಹೆಂಗ ಹಾಕತಾಳ ಅಂದ್ರು. ನೋಡಿದಷ್ಟು ಹೇಳಿದೆ. ಆ ತಂಗಿ ಬಂದಾಳೇನು ಅಂತ ಕೇಳಿದ್ರು. ಹೊರಗ ಕುಂತಾಳ್ರಿ, ನನಕಿಂತ ಭಾಳ ಶಾಣ್ಯಾ ಅದಾಳ ಅಂದೆ. ಹಂಗಾದ್ರ ಆಕೀನ್ನ ಕಳಸು, ಆಕಿ ಬಾಯಿಲೇ ಕೇಳತೇನಿ ಅಂದ್ರು. ನಿನಗ ಹೇಳಾಕಂತನ ಬಗ್ಗಿದ್ದೆ, ಜವಾನ ಕರದ."

ನಾನು ಮೇಜಿನತ್ತ ತಿರುಗಿದೆ.

"ನಿನಗ ಸೀಟು ಸಿಕ್ಕೇ ಸಿಗತೈತಿ ಅಂತ ನಾ ತಿಳದಿದ್ದೆ" ಎಂದಳು. "ಯಾಕ ಸಿಗಲಿಲ್ಲ ಅಂತ ಇವತ್ತಿಗೂ ತಿಳದಿಲ್ಲ ನನಗ. ನೀ ಅವರ ಮುಂದ ಏನ ಹೇಳಿದಿ?"

ಮೇಜಿನ ಆಚೆಯ ಖಾಲಿ ಕುರ್ಚಿ ನನ್ನನ್ನೇ ನೋಡುವಂತಿತ್ತು. ಖರೇನ, ಎಂದು ಅವರು ಎರಡನೆಯ ಸಲ ಕೇಳಿದ್ದು ನೆನಪಾಯಿತು. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿದ್ದವು.

"ನದಿ ಹೆಸರ ಹೇಳಿದೆ" ಎಂದೆ.

ಇದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ಆದರೆ ಹಾಗಾಗಲಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚು ಇನ್ನಷ್ಟು ಹೊತ್ತಿಕೊಂಡಿತು. ಬೇರೆಯವರ ಅಕ್ಕಂದಿರು ಸುಳ್ಳು ಹೇಳುತ್ತಾರೆ, ಮೋಸ ಮಾಡುತ್ತಾರೆ, ತಂಗಿಯಂದಿರು ನೆಮ್ಮದಿಯಿಂದ ಅವರನ್ನು ದ್ವೇಷಿಸುತ್ತಾರೆ. ನನಗೆ ಸಿಕ್ಕ ಅಕ್ಕ ನಿಜ ಹೇಳಿ ಸೀಟು ಪಡೆದಳು. ಇಷ್ಟು ವರ್ಷ ಜತನವಾಗಿ ಇಟ್ಟುಕೊಂಡಿದ್ದ ಸಿಟ್ಟಿಗೆ ನಿಲ್ಲಲು ಒಂದು ಜಾಗವನ್ನೂ ಬಿಡಲಿಲ್ಲ. ಅವಳ ಬದಲು ಆ ಬಿಳಿ ಸೀರೆ ನಾನು ಉಡಬೇಕಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಇಬ್ಬರೂ ಉಡಬಹುದಾಗಿತ್ತು ಎನ್ನುವುದು ಅದಕ್ಕಿಂತ ಹೆಚ್ಚು ಉರಿಸುತ್ತದೆ.

ಸಂಜೆ ಬಸ್ ನಿಲ್ದಾಣದಲ್ಲಿ ಮದುವೆ ದಿಬ್ಬಣದವರ ಗದ್ದಲ. ಹುನಗುಂದದ ಬಸ್ಸು ಬರುತ್ತಲೇ ಜನ ಬಾಗಿಲಿಗೆ ಮುಗಿಬಿದ್ದರು. ಆ ದೊಡ್ಡ ಸಾಲೆಯ ಅಕ್ಕೋರು, ಇಸ್ತ್ರಿ ಮಾಡಿದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜನರ ನಡುವೆ ನುಗ್ಗಿ, ಕಾಲ ಬೆರಳ ಮೇಲೆ ನಿಂತು ಕಿಟಕಿಯೊಳಗೆ ಕೈ ಹಾಕಿ ತನ್ನ ಕರವಸ್ತ್ರವನ್ನು ಸೀಟಿನ ಮೇಲೆ ಎಸೆದಳು.

"ಸೀಟು ಹಿಡದೇನಿ, ಲಗೂ ಹತ್ತು" ಎಂದು ಕೂಗಿದಳು.

ಹತ್ತಿದೆ. ಕಿಟಕಿ ಪಕ್ಕದ್ದೇ. ಅವಳ ಕರವಸ್ತ್ರವನ್ನು ತೆಗೆದು ಹೊರಗೆ ಕೊಡಬೇಕಾಗಿತ್ತು, ಕೊಡಲಿಲ್ಲ. ಹುನಗುಂದ ಬರುವವರೆಗೂ ಅದರ ಮೇಲೆಯೇ ಕೂತಿದ್ದೆ.